ಕತೆ ಹೇಳೋಕೂ ಪರ್ಮಿಷನ್ ಬೇಕಾ? ಬೆಂಗಳೂರಿನ ಪಾರ್ಕುಗಳನ್ನು ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಪಾರ್ಕುಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ, ಜೊತೆಗೆ ಅದೇ ಪಾರ್ಕುಗಳಲ್ಲಿ ಬೆಳಿಗ್ಗೆ ಸಂಜೆ ವಾಕಿಂಗ್ ಮಾಡುವ ಎಲ್ಲ ಹಿರಿಯರಿಗೆ,

ಮಾನ್ಯರೇ, ನಮಸ್ಕಾರ.

ನನ್ನ ದೂರು ಚಿಕ್ಕದು. ದಕ್ಷಿಣ ಬೆಂಗಳೂರಿನ ಒಂದು ಹಳೇ ಬಡಾವಣೆಯ ಪಾರ್ಕಿನಲ್ಲಿ, ಭಾನುವಾರ ಸಂಜೆ ಹೊತ್ತು, ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳುತ್ತಿದ್ದೆ. ಮೈಕ್ ಇಲ್ಲ, ಬ್ಯಾನರ್ ಇಲ್ಲ, ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. ಅದನ್ನು ನಿಲ್ಲಿಸಿದಿರಿ. ಅನುಮತಿ ಇಲ್ಲದ ಕಾರ್ಯಕ್ರಮ ಅಂತ ಕಾರಣ ಕೊಟ್ಟಿರಿ.

ಪಾರ್ಕಿನ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಮೊದಲು ಬೈಸಿಕೊಳ್ಳುವವನು ಗೇಟಿನ ಹತ್ತಿರ ಸೀಟಿ ಹಿಡಿದು ನಿಲ್ಲುವ ಹುಡುಗ. ಮೇಲಿನಿಂದ ಹೇಳಿದ್ದನ್ನು ಮಾಡಿದ್ದಾನೆ, ಅಷ್ಟೇ. ಅವನ ಕೆಲಸಕ್ಕೆ ಕುತ್ತು ತರೋದು ನನಗೆ ಬೇಡ. ಅಲ್ಲದೆ ಇದು ಒಂದೇ ಪಾರ್ಕಿನ ವಿಷಯವೂ ಇರಲಿಕ್ಕಿಲ್ಲ. ಓದಿದವರು ತಮ್ಮ ತಮ್ಮ ಪಾರ್ಕನ್ನೇ ನೆನೆಸಿಕೊಳ್ಳಲಿ.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರೋ ಹೊಸದಾಗಿ ಬಂದು ತಕರಾರು ತೆಗೆದಿದ್ದಾಳೆ ಅಂದುಕೊಳ್ಳುತ್ತೀರಿ. ನಾನು ಹುಟ್ಟಿ ಬೆಳೆದದ್ದು ಆ ಪಾರ್ಕಿನ ಹಿಂದಿನ ಬೀದಿಯಲ್ಲಿ. ಮದುವೆಯಾಗಿ ಚಿತ್ರದುರ್ಗದ ಕಡೆ ಹೋದೆ. ಅಲ್ಲೇ ಶಾಲೆಯಲ್ಲಿ ಕನ್ನಡ ಪಾಠ ಮಾಡಿದೆ. ರಿಟೈರ್ ಆದ ಮೇಲೆ ಅಮ್ಮನನ್ನು ನೋಡಿಕೊಳ್ಳೋಕೆ ಅಂತ ಮತ್ತೆ ಅದೇ ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಅಮ್ಮನ ಜೊತೆಗೆ ಆ ಪಾರ್ಕೂ ನನ್ನನ್ನು ಕರೆಯುತ್ತಿತ್ತು.

ಯಾಕೆ ಅಂದರೆ, ಅಲ್ಲೊಂದು ಅರಳಿಕಟ್ಟೆ ಇದೆ. ಈಗಲೂ ಇದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಚಿಕ್ಕವಳಿದ್ದಾಗ ಸಂಜೆಯಾದರೆ ಆ ಕಟ್ಟೆಯ ಮೇಲೆ ಹೂವಿನ ಅಜ್ಜಿ ಕೂರುತ್ತಿದ್ದರು. ತಿಗಳರ ಮನೆತನದವರು. ಮಂಕರಿ ತುಂಬ ಮಲ್ಲಿಗೆ, ಕನಕಾಂಬರ, ಮರುಗ. ಬಾಳೆನಾರು ನೀರಲ್ಲಿ ನೆನೆಹಾಕಿಕೊಂಡು ಹೂವು ಕಟ್ಟುತ್ತಾ ಕತೆ ಹೇಳುತ್ತಿದ್ದರು. ಕೈ ಒಂದು ಕಡೆ, ಬಾಯಿ ಒಂದು ಕಡೆ. ನಾವು ಸುತ್ತ ಕೂತು ಹ್ಞೂಂಗುಟ್ಟಬೇಕು. ಹ್ಞೂಂ ಅನ್ನೋದು ನಿಂತರೆ ಕತೆಯೂ ನಿಲ್ಲುತ್ತಿತ್ತು. "ಯಾಕ್ರೋ, ನಿದ್ದೆ ಬಂತಾ?" ಅಂತ ಕೇಳೋರು.

ಅವರ ಕಸುಬುದಾರಿಕೆ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷ ಆದಮೇಲೆ. ರಾಕ್ಷಸ ಬಾಗಿಲ ಹತ್ತಿರ ಬಂದ ಅನ್ನುವಷ್ಟರಲ್ಲಿ ಯಾರೋ ಹೆಂಗಸು ಹೂವು ಕೇಳಿಕೊಂಡು ಬರೋರು. ಅಜ್ಜಿ ಕತೆ ಅಲ್ಲೇ ಬಿಟ್ಟು, ನಿಧಾನವಾಗಿ ಮೊಣಕೈಯಿಂದ ಬೆರಳ ತುದಿಗೆ ಹೂವು ಎಳೆದು ಮೊಳ ಹಾಕಿ, ಕೊನೆಗೆ ಕೊಸರು ಅಂತ ನಾಲ್ಕು ಬೆರಳು ಜಾಸ್ತಿ ಬಿಟ್ಟು, ಎಲೆಯಲ್ಲಿ ಸುತ್ತಿ ಕೊಟ್ಟು, ಚಿಲ್ಲರೆ ಎಣಿಸಿ ಸೆರಗಿಗೆ ಗಂಟು ಹಾಕಿಕೊಳ್ಳೋರು. ಅಷ್ಟೂ ಹೊತ್ತು ನಮಗೆ ಉಸಿರು ಕಟ್ಟುತ್ತಿತ್ತು. ಹೂವು ಕೊಳ್ಳೋಕೆ ಬಂದ ಹೆಂಗಸೂ ಹೋಗುತ್ತಿರಲಿಲ್ಲ. ಆಮೇಲೇನಾಯ್ತು ಅಂತ ಅವರೂ ನಿಲ್ಲೋರು.

ಕರಗದ ಕತೆ ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಪಾಂಡವರು ಸ್ವರ್ಗಕ್ಕೆ ನಡೆದುಹೋಗುವಾಗ ದ್ರೌಪದಿ ಹಿಂದೆ ಬಿದ್ದಳಂತೆ, ಮೂರ್ಛೆ ಹೋದಳಂತೆ, ಕಣ್ಣು ಬಿಟ್ಟರೆ ಎದುರಿಗೆ ತಿಮಿರಾಸುರ. ಆಗ ಆದಿಶಕ್ತಿಯ ರೂಪ ತಾಳಿ ಮೈಯಿಂದಲೇ ವೀರಕುಮಾರರನ್ನು ಹುಟ್ಟಿಸಿದಳಂತೆ. ಅಸುರ ಸತ್ತ ಮೇಲೆ ಮಕ್ಕಳು ಹೋಗಬೇಡಮ್ಮ ಅಂತ ಅತ್ತರು, ವರ್ಷಕ್ಕೊಂದು ಸಲ ಬಂದೇ ಬರ್ತೀನಿ ಅಂತ ಮಾತು ಕೊಟ್ಟಳು. ಆ ಮಾತಿಗೆ ಈಗಲೂ ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಮಲ್ಲಿಗೆ ಹೂವಿನ ಕರಗ ಹೊರಡುತ್ತೆ, ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾದಲ್ಲಿ ನಿಂತು ಮುಂದೆ ಹೋಗುತ್ತೆ. ಅಜ್ಜಿ ಇದನ್ನು ಪುರಾಣದ ಹಾಗೆ ಹೇಳುತ್ತಿರಲಿಲ್ಲ. ತವರಿಗೆ ಬರುವ ಮಗಳ ಸುದ್ದಿ ಹೇಳಿದ ಹಾಗೆ ಹೇಳೋರು. ಎಂಟು ವರ್ಷದ ನನಗೆ ದ್ರೌಪದಿ ಪಕ್ಕದ ಬೀದಿಯವಳು ಅನ್ನಿಸಿತ್ತು.

ಚಿತ್ರದುರ್ಗದ ಕಡೆ ಇದ್ದಾಗ ಕತೆಯ ಇನ್ನೊಂದು ಮುಖ ನೋಡಿದೆ. ಅಲ್ಲಿನ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ವೀರ ಜುಂಜಪ್ಪನ ಕತೆಯನ್ನು ಗಣೆ ಊದುತ್ತಾ ರಾತ್ರಿಯೆಲ್ಲ ಹಾಡುತ್ತಾರೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹೆಸರು ನೀವೂ ಕೇಳಿರಬಹುದು. ಓದು ಬರಹ ಗೊತ್ತಿಲ್ಲದ ಆ ತಾಯಿಯ ಬಾಯಲ್ಲಿ ಸಾವಿರಾರು ಹಾಡುಗಳಿದ್ದವು. ವಿದ್ವಾಂಸರು ಹುಡುಕಿಕೊಂಡು ಹೋಗಿ ಬರೆದುಕೊಂಡರು. ಅವರನ್ನೆಲ್ಲ ನೋಡಿ ಕೇಳಿ ನನಗೂ ಒಂದಷ್ಟು ಧೈರ್ಯ ಬಂತು. ಕ್ಲಾಸಿನಲ್ಲಿ ಪುಸ್ತಕ ಮುಚ್ಚಿಟ್ಟು ಕತೆ ಹೇಳುವುದು ರೂಢಿಯಾಯಿತು. ಊರಿಗೆ ವಾಪಸ್ ಹೋದರೆ ಆ ಅರಳಿಕಟ್ಟೆಯಲ್ಲಿ ಕೂತು ಹೇಳಬೇಕು ಅಂತ ಆಸೆ ಇತ್ತು, ಮುಚ್ಚಿಡುವುದೇನಿಲ್ಲ.

ಬಂದು ನೋಡಿದರೆ ಪಾರ್ಕು ಚೆನ್ನಾಗಾಗಿದೆ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. ಸುತ್ತ ನಡೆಯೋಕೆ ಹಾದಿ ಮಾಡಿದ್ದೀರಿ. ಓಪನ್ ಜಿಮ್ ಇದೆ, ದೀಪ ಇದೆ, ಬಾಯಿ ತೆರೆದು ನಿಂತ ಪೆಂಗ್ವಿನ್ ಕಸದ ಡಬ್ಬಿ ಇದೆ. (ಬೆಂಗಳೂರಿಗೂ ಪೆಂಗ್ವಿನ್‌ಗೂ ಏನು ಸಂಬಂಧವೋ, ಇರಲಿ.) ಆದರೆ ಅರಳಿಕಟ್ಟೆಯ ಸುತ್ತ ಎದೆಮಟ್ಟ ಗ್ರಿಲ್ ಹಾಕಿ ಬೀಗ ಜಡಿದಿದ್ದೀರಿ. ಯಾಕಪ್ಪಾ ಅಂತ ಕೇಳಿದರೆ ರಾತ್ರಿ ಕುಡುಕರು ಬಂದು ಕೂರುತ್ತಿದ್ದರು ಅಂದರು. ಸರಿ, ಅದು ನಿಜವಾದ ತೊಂದರೆ. ಆದರೆ ರಾತ್ರಿ ಪಾರ್ಕಿನ ಗೇಟಿಗೇ ಬೀಗ ಬೀಳುತ್ತಲ್ಲ? ಒಳಗೆ ಇನ್ನೊಂದು ಬೀಗ ಯಾರಿಗೆ? ಹಗಲು ಬರುವ ಮುದುಕರಿಗೆ, ಮಕ್ಕಳಿಗೆ ತಾನೇ?

ಹಾಗಾಗಿ ಕಟ್ಟೆ ಬಿಟ್ಟು, ಪಕ್ಕದ ಹುಲ್ಲಿನ ಮೇಲೆ ಜಮಖಾನ ಹಾಸಿ ಶುರು ಮಾಡಿದೆ. ಮೊದಲು ಬಂದದ್ದು ಪಕ್ಕದ ಮನೆಯ ಎರಡು ಮಕ್ಕಳು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಬಂದರು. ಅಪಾರ್ಟ್‌ಮೆಂಟಿನ ಮಕ್ಕಳು, ಅದೇ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುವವರ ಮಕ್ಕಳು, ಎದುರಿಗೆ ಏಳುತ್ತಿರುವ ಕಟ್ಟಡದ ಶೆಡ್ಡಿನಲ್ಲಿರುವ ರಾಯಚೂರು ಕಡೆಯ ಒಬ್ಬ ಹುಡುಗ. ಮೊಮ್ಮಗುವನ್ನು ಕರೆತಂದ ಅಜ್ಜಿ ಒಬ್ಬರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಹ್ಞೂಂ ಅನ್ನುತ್ತಿದ್ದರು.

ಮೊದಲ ದಿನ ಕಾಗಕ್ಕ ಗುಬ್ಬಕ್ಕನ ಕತೆ. ನಿಮಗೆಲ್ಲ ಗೊತ್ತಿರೋದೇ. ಜೋರು ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತೆ, ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಂದೊಂದು ಸಲ ಒಂದೊಂದು ನೆಪ ಹೇಳುತ್ತಾಳೆ. ಮಗೂಗೆ ನೀರು ಹಾಕ್ತಿದ್ದೀನಿ ತಾಳು, ಮಗೂಗೆ ಬಟ್ಟೆ ಹಾಕ್ತಿದ್ದೀನಿ ತಾಳು. ಮುಂದಿನ ನೆಪ ನೀವೇ ಹೇಳಿ ಅಂದೆ. ಅಪಾರ್ಟ್‌ಮೆಂಟಿನ ಹುಡುಗಿ ಥಟ್ಟನೆ ಅಂದಳು: "ಓಟಿಪಿ ಹೇಳು, ಆಮೇಲೆ ಬಾಗಿಲು ತೆಗೀತೀನಿ!" ಎಲ್ಲರೂ ಬಿದ್ದು ಬಿದ್ದು ನಕ್ಕೆವು. ರಾಯಚೂರಿನ ಹುಡುಗ ಮಾತ್ರ ನಗಲಿಲ್ಲ. "ನೀವ್ ತಪ್ಪ್ ಹೇಳಾಕತ್ತೀರಿ ಟೀಚರ್, ನಮ್ಮೂರಾಗ ಕಾಗವ್ವನ ಮನಿ ಉಪ್ಪಿಂದೈತಿ" ಅಂದ. ಹಾಗಾದರೆ ನೀನೇ ಹೇಳಪ್ಪ ಅಂದೆ. ಎದ್ದು ನಿಂತು, ಚಡ್ಡಿ ಮೇಲೆಳೆದುಕೊಂಡು, "ಗುಬ್ಬವ್ವ ಗುಬ್ಬವ್ವ, ಬಾಗಲಾ ತಗೀ" ಅಂತ ಪೂರ್ತಿ ಕತೆ ಹೇಳಿದ. ಅಲ್ಲಿಯವರೆಗೆ ಆ ಹುಡುಗನ ಜೊತೆ ಯಾರೂ ಆಟಕ್ಕೆ ಸೇರುತ್ತಿರಲಿಲ್ಲ. ಆಮೇಲೆ ಅವನಿಗೆ ಜಮಖಾನದ ಮಧ್ಯದಲ್ಲಿ ಜಾಗ ಸಿಕ್ಕಿತು. ಇದು ನನ್ನ ಸಾಧನೆ ಅಂತ ಹೇಳುತ್ತಿಲ್ಲ. ಅವನಜ್ಜಿ ಯಾರೋ, ಅವರ ಸಾಧನೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ನಿಲ್ಲಿಸಿದ ದಿನ ನಾನು ಹೇಳುತ್ತಿದ್ದದ್ದು ನಮ್ಮ ಕಡೆಯ ಇನ್ನೊಂದು ಹಳೇ ಕತೆ. ಒಬ್ಬಳು ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆದರೆ ಯಾರಿಗೂ ಕತೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಇದ್ದೂ ಇದ್ದೂ ಅವೆರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದವು. ಕತೆ ಒಂದು ಜೊತೆ ಜೋಡಾಗಿ, ಅಂದರೆ ಚಪ್ಪಲಿಯಾಗಿ, ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಬಂದವನೇ ಯಾರದಿದು ಅಂತ ಜಗಳ ತೆಗೆದ. ಅವಳಿಗೂ ಗೊತ್ತಿಲ್ಲ. ಅವನು ಸಿಟ್ಟಿನಲ್ಲಿ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗೋಕೆ ಹೋದ. ಊರಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಗೇ ಬಂದು ಸೇರಿ ಹರಟೆ ಹೊಡೆಯುತ್ತವೆ. ಆವತ್ತು ಒಂದು ದೀಪ ತಡವಾಗಿ ಬಂತು. ಯಾಕೆ ತಡ ಅಂತ ಉಳಿದ ದೀಪಗಳು ಕೇಳಿದವು...

ಅಲ್ಲಿಗೆ ಸೀಟಿ.

"ಮೇಡಂ, ಪ್ರೋಗ್ರಾಂ ಮಾಡಂಗಿಲ್ಲ."

"ಪ್ರೋಗ್ರಾಂ ಅಲ್ಲಪ್ಪ, ಕತೆ ಹೇಳ್ತಿದ್ದೀನಿ."

"ಗೊತ್ತಾಯ್ತು ಮೇಡಂ. ಗುಂಪು ಸೇರಂಗಿಲ್ಲ. ಕಂಪ್ಲೇಂಟ್ ಬಂದೈತೆ. ಸಾಹೇಬ್ರು ಫೋಟೋ ಕಳ್ಸು ಅಂದವ್ರೆ."

ಫೋಟೋ ತೆಗೆದ. ಮಕ್ಕಳು ಹಲ್ಲು ಕಿಸಿದರು. ನಾನು ಜಮಖಾನ ಮಡಚಿದೆ. ಆ ಓಟಿಪಿ ಹುಡುಗಿ ಗೇಟಿನ ತನಕ ಬಂದು, ಆ ದೀಪ ಏನಂತು ಹೇಳಿ, ಬೇಗ ಹೇಳಿ ಅಂತ ಒಂದೇ ಸಮ ಕೇಳಿದಳು. ಬೇಗ ಹೇಳುವ ಕತೆ ಅಲ್ಲ ಅದು.

ಮಾರನೇ ದಿನ ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು. ಅರ್ಜಿ ಬರೆದುಕೊಡಿ ಅಂದರು. ಆಧಾರ್ ಕಾಪಿ. ಎಷ್ಟು ಜನ ಸೇರುತ್ತಾರೆ ಅನ್ನುವ ವಿವರ. ಪೊಲೀಸ್ ಸ್ಟೇಷನ್ನಿಂದ ಒಂದು ಪತ್ರ. ಡೆಪಾಸಿಟ್. ಮುಖ್ಯ ಅತಿಥಿ ಯಾರು ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಆ ಕಾಲಂ ಖಾಲಿ ಬಿಟ್ಟರೆ ಮೇಲೆ ಕೇಳುತ್ತಾರೆ ಅಂದರು. ಕೊನೆಗೆ, ಕತೆಯ ಒಂದು ಪ್ರತಿ ಲಗತ್ತಿಸಿ ಅಂದರು.

"ಪ್ರತಿ ಇಲ್ಲ ಸಾರ್, ಇದು ಬಾಯಲ್ಲಿರೋದು."

"ಬಾಯಲ್ಲಿದ್ರೆ ಫೈಲಲ್ಲಿ ಹೆಂಗೆ ಹಾಕೋದು ಮೇಡಂ?"

ಅವರು ತಮಾಷೆಗೆ ಹೇಳಲಿಲ್ಲ. ಅವರ ಕಷ್ಟ ಅವರಿಗೆ. ಮಾತಿಗೆ ಮಾತು ಬಂದು, ನಮ್ಮಜ್ಜಿನೂ ಹೇಳೋರು, ಏಳು ಮಲ್ಲಿಗೆ ತೂಕದ ರಾಜಕುಮಾರಿ ಕತೆ ಅಂತ ಅವರೇ ಶುರು ಮಾಡಿದರು. ಪೆನ್ನು ಕೆಳಗಿಟ್ಟರು. ರಾಜಕುಮಾರಿಯನ್ನು ತಕ್ಕಡಿಯಲ್ಲಿ ಕೂರಿಸಿ ಇನ್ನೊಂದು ತಟ್ಟೆಗೆ ಏಳು ಮಲ್ಲಿಗೆ ಹೂವು ಹಾಕುವ ತನಕ ಚೆನ್ನಾಗಿ ಹೇಳಿದರು. ಆಮೇಲೇನಾಯ್ತು ಅನ್ನೋದು ಅವರಿಗೆ ನೆನಪಾಗಲಿಲ್ಲ. ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ಮತ್ತೆ ಪೆನ್ನು ತೆಗೆದುಕೊಂಡು, ಆದ್ರೂ ರೂಲ್ಸ್ ಅಂತ ಇದೆಯಲ್ಲ ಮೇಡಂ ಅಂದರು. ಪಾರ್ಕ್ ಯಾಕೆ, ಹತ್ತಿರದ ಸಮುದಾಯ ಭವನ ಬುಕ್ ಮಾಡಿ, ಸೌಂಡ್ ಸಿಸ್ಟಮ್ ಸಮೇತ ಸಿಗುತ್ತೆ ಅಂತ ಸಲಹೆಯನ್ನೂ ಕೊಟ್ಟರು.

ಮಾನ್ಯರೇ, ನನ್ನ ತಕರಾರಿನ ತಿರುಳು ಇಲ್ಲಿದೆ. ನಿಮ್ಮ ಲೆಕ್ಕದಲ್ಲಿ ಪಾರ್ಕಿಗೆ ಬರುವವರು ಎರಡೇ ಜಾತಿ. ಒಂದು, ನಡೆಯುವವರು. ಇನ್ನೊಂದು, ಕಾರ್ಯಕ್ರಮ ಮಾಡುವವರು. ಸುಮ್ನೆ ಕೂತು ಮಾತಾಡುವವರಿಗೆ, ಕೇಳುವವರಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಕತೆ ಹೇಳಬೇಕಾದರೆ ಮೊದಲು ಅದನ್ನು ಕಾರ್ಯಕ್ರಮ ಮಾಡು ಅನ್ನುತ್ತೀರಿ. ಮಾಡಿದೆ ಅಂತಲೇ ಇಟ್ಟುಕೊಳ್ಳಿ. ಅರ್ಜಿ ಕೊಟ್ಟ ಮೇಲೆ ದಿನ ನಿಗದಿಯಾಗಬೇಕು. ಡೆಪಾಸಿಟ್ ಕಟ್ಟಿದ ಮೇಲೆ ಆ ದುಡ್ಡು ಎಲ್ಲಿಂದಲಾದರೂ ಬರಬೇಕು, ಆಗ ಪ್ರಾಯೋಜಕರು ಬರುತ್ತಾರೆ, ಅವರ ಹಿಂದೆಯೇ ಬ್ಯಾನರ್ ಬರುತ್ತೆ. ಮುಖ್ಯ ಅತಿಥಿ ಬಂದರೆ ಮೈಕ್ ಬರಲೇಬೇಕು. ಕೊನೆಗೆ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಮಕ್ಕಳು ಜಾರುಬಂಡಿಗೆ ಓಡಿಹೋಗಿರುತ್ತಾರೆ. ಸದ್ದಿಲ್ಲದೆ ನಡೆಯುತ್ತಿದ್ದದ್ದನ್ನು ಸದ್ದು ಮಾಡಿದರೆ ಮಾತ್ರ ಒಪ್ಪುತ್ತೇವೆ ಅನ್ನುವ ಈ ಕ್ರಮ ಯಾವ ನ್ಯಾಯ?

ಸದ್ದಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳು ಲಿಖಿತ ಅನುಮತಿ ಕೇಳುವುದು ಧ್ವನಿವರ್ಧಕಕ್ಕೆ. ಅಜ್ಜಿಯ ಗಂಟಲಿಗೆ ಅನುಮತಿ ಬೇಕು ಅಂತ ಅದರಲ್ಲಿಲ್ಲ. ಅದೇ ಪಾರ್ಕಿನಲ್ಲಿ ಬೆಳಿಗ್ಗೆ ನಗೆಕೂಟದವರು ಕೈ ಎತ್ತಿ ಹಹ್ಹಹ್ಹಾ ಅಂತ ನಗುವುದು ನಮ್ಮ ಮನೆಯ ಅಡಿಗೆಮನೆಗೂ ಕೇಳುತ್ತೆ. ಯೋಗದ ಗುಂಪಿನವರ ಬಳಿ ಬ್ಲೂಟೂತ್ ಸ್ಪೀಕರ್ ಇದೆ. ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಗೇಟಿನ ಪಕ್ಕವೇ ಶಾಮಿಯಾನ ಹಾಕಿ ತಮಟೆ ಬಾರಿಸಿದ್ದನ್ನು ಬಡಾವಣೆಯೇ ನೋಡಿದೆ. ನಗುವವರ ಮೇಲೆ, ಯೋಗ ಮಾಡುವವರ ಮೇಲೆ ನನಗೇನೂ ದೂರಿಲ್ಲ. ಅಮ್ಮನಿಗಂತೂ ಆ ನಗು ಕೇಳಿದರೇ ಬೆಳಗಾಗೋದು. ನನ್ನ ಪ್ರಶ್ನೆ ಇಷ್ಟೇ: ನಗೋದು ಆರೋಗ್ಯ, ಉಸಿರಾಡೋದು ಆರೋಗ್ಯ, ಕತೆ ಕೇಳೋದು ಮಾತ್ರ ಅಕ್ರಮ ಕೂಟ ಹೇಗಾಯ್ತು?

ಇನ್ನು ಕತೆಯ ಪ್ರತಿ. ಇದು ಬರೀ ಕಾಗದದ ತೊಡಕಲ್ಲ. ನಾನು ಬರೆದುಕೊಟ್ಟರೆ ಅದು ಸುಳ್ಳು ದಾಖಲೆ ಆಗುತ್ತೆ. ಯಾಕೆಂದರೆ ಹೇಳುವ ಹೊತ್ತಿಗೆ ಗುಬ್ಬಕ್ಕ ಓಟಿಪಿ ಕೇಳಿರುತ್ತಾಳೆ, ಕಾಗವ್ವನ ಮನೆ ಉಪ್ಪಿನದಾಗಿರುತ್ತೆ. ಬಾಯಿಂದ ಬಾಯಿಗೆ ಬರುವ ಕತೆ ಬದುಕಿರೋದೇ ಹಾಗೆ. ಇವತ್ತಿನದು ನಾಳೆಗೆ ಇರೋದಿಲ್ಲ. 2003ರಲ್ಲಿ ಯುನೆಸ್ಕೋ ಇಂಥ ಪರಂಪರೆಗಳನ್ನು ಉಳಿಸೋಕೆ ಒಂದು ಒಪ್ಪಂದ ಮಾಡಿತು. ಯಾವ್ಯಾವುದನ್ನು ಉಳಿಸಬೇಕು ಅನ್ನುವ ಪಟ್ಟಿಯಲ್ಲಿ ಮೊದಲು ಬರುವುದೇ ಮೌಖಿಕ ಪರಂಪರೆ. ಭಾರತ 2005ರಲ್ಲಿ ಅದಕ್ಕೆ ಸೇರಿತು. ನಮ್ಮ ಸಂವಿಧಾನದ 51ಎ ವಿಧಿಯಂತೂ ನಾಡಿನ ಪರಂಪರೆಯನ್ನು ಗೌರವಿಸಿ ಕಾಪಾಡೋದು ಪ್ರತಿಯೊಬ್ಬರ ಕರ್ತವ್ಯ ಅನ್ನುತ್ತೆ. ಸರ್ಕಾರವೂ ಸುಮ್ಮನೆ ಕೂತಿಲ್ಲ. ಅಂಕೋಲದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಬಂತು. ಸಂತೋಷ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಅಂತ ಒಂದು ವಿಶ್ವವಿದ್ಯಾಲಯ ಇದೆ. ರಾಮನಗರದ ಹತ್ತಿರ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಪ್ರಶಸ್ತಿ ಕೊಡೋಕೆ ದಿಲ್ಲಿಯಲ್ಲಿ ಜಾಗ ಇದೆ, ನೋಡೋಕೆ ರಾಮನಗರದಲ್ಲಿ ಜಾಗ ಇದೆ. ಹೇಳೋಕೆ ನಮ್ಮ ಬೀದಿಯಲ್ಲಿ ಒಂದು ಜಮಖಾನದಷ್ಟು ಜಾಗ ಕೇಳಿದರೆ ಯಾಕೆ ಇಲ್ಲ?

ಬೆಂಗಳೂರಿಗೆ ಈ ಮಾತು ಜಾಸ್ತಿ ಅನ್ವಯಿಸುತ್ತೆ ಅಂತ ನನ್ನ ಅಭಿಪ್ರಾಯ. ಈ ಊರಿನಲ್ಲಿ ಕಣ್ಣಿಗೆ ಕಾಣುವುದು ಬೇಗ ಮಾಯವಾಗುತ್ತೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಉಳಿದದ್ದೇನಿದ್ದರೂ ಜನರ ಬಾಯಲ್ಲಿ. ಕೋಟೆಯ ಹೆಬ್ಬಾಗಿಲು ಮತ್ತೆ ಮತ್ತೆ ಬೀಳುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿ ಕೊಟ್ಟುಕೊಂಡಳು ಅಂತ ಕೋರಮಂಗಲದಲ್ಲಿ ಸಮಾಧಿ ತೋರಿಸುತ್ತಾರೆ. ಆ ಕತೆ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದದ್ದು ಬಾಯಿಯ ಮೂಲಕವೇ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡ್ಲೆಕಾಯಿ ಪರಿಷೆ ಯಾಕೆ ನಡೆಯುತ್ತೆ? ಸುಂಕೇನಹಳ್ಳಿಯ ರೈತರ ಕಡ್ಲೆಕಾಯಿ ಬೆಳೆಯನ್ನು ರಾತ್ರಿ ಬಂದು ಮೇಯುತ್ತಿದ್ದ ಬಸವನಿಗೆ ಮೊದಲ ಫಸಲು ಕೊಡುತ್ತೇವೆ ಅಂತ ಹರಕೆ ಹೊತ್ತರಂತೆ. ಪರಿಷೆಗೆ ನೀವು ರಸ್ತೆ ಬಿಡಿಸಿಕೊಡುತ್ತೀರಿ, ದೀಪ ಹಾಕಿಸುತ್ತೀರಿ, ಕರಗಕ್ಕೂ ಅನುದಾನ ಕೊಡುತ್ತೀರಿ. ಕತೆ ಗೊತ್ತಿಲ್ಲದ ಮಗುವಿಗೆ ಪರಿಷೆ ಅಂದರೆ ಟ್ರಾಫಿಕ್ ಜಾಮ್, ಕರಗ ಅಂದರೆ ರಜೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ.

ಪಾರ್ಕೇ ಯಾಕೆ ಅಂತ ಕೇಳುತ್ತೀರಿ. ಈಗ ಕೆಫೆಗಳಲ್ಲಿ, ಮಾಲುಗಳಲ್ಲಿ ಟಿಕೆಟ್ ಇಟ್ಟು ಕತೆ ಹೇಳುತ್ತಾರೆ, ಚೆನ್ನಾಗಿಯೂ ಹೇಳುತ್ತಾರೆ. ಅಲ್ಲಿಗೆ ಬರುವುದು ಅಪ್ಪ ಅಮ್ಮ ಕಾರಿನಲ್ಲಿ ಕರೆತಂದ ಮಕ್ಕಳು. ಕಟ್ಟಡದ ಶೆಡ್ಡಿನ ಹುಡುಗ ಅಲ್ಲಿಗೆ ಹೇಗೆ ಬರಬೇಕು? ಹಾಲ್ ಬುಕ್ ಮಾಡಿದರೂ ಅಷ್ಟೇ, ಬಾಗಿಲು ನೋಡಿಯೇ ಅವನು ಹಿಂದೆ ಸರಿಯುತ್ತಾನೆ. ಹೂವಿನ ಅಜ್ಜಿಯ ಕತೆ ಕೇಳಿದವರಲ್ಲಿ ಅರ್ಧ ಜನ ಕತೆ ಕೇಳೋಕೆ ಅಂತ ಬಂದವರೇ ಅಲ್ಲ. ಹೂವಿಗೆ ಬಂದವರು, ದಾರಿಯಲ್ಲಿ ಹೋಗುತ್ತಿದ್ದವರು, ಬಸ್ ತಪ್ಪಿದವರು.

ವಾಕಿಂಗ್ ಮಾಡುವ ಹಿರಿಯರೇ, ಈಗ ನಿಮ್ಮ ಹತ್ತಿರ ಒಂದು ಮಾತು. ಕಂಪ್ಲೇಂಟ್ ಕೊಟ್ಟವರು ನಿಮ್ಮಲ್ಲೇ ಒಬ್ಬರೋ ಇಬ್ಬರೋ ಅಂತ ಗೊತ್ತಾಯಿತು. ಸಿಟ್ಟಿಲ್ಲ. ಮಕ್ಕಳು ದಾರಿಗೆ ಅಡ್ಡ ಬರುತ್ತಾರೆ, ಮೊಣಕಾಲು ಆಪರೇಷನ್ ಆದವರಿಗೆ ಭಯ ಆಗುತ್ತೆ ಅಂದಿರಂತೆ. ನ್ಯಾಯವಾದ ಮಾತು. ಆ ಹುಲ್ಲು ನಡೆಯುವ ದಾರಿಗೆ ತಾಗಿಕೊಂಡೇ ಇದೆ, ನಗು ಜಾಸ್ತಿಯಾದರೆ ಮಕ್ಕಳು ದಾರಿಗೆ ಉರುಳುತ್ತಾರೆ. ಕಟ್ಟೆಗೆ ಬೀಗ ಇಲ್ಲದಿದ್ದರೆ ನಾವು ಅಲ್ಲಿರುತ್ತಿದ್ದೆವು, ನಿಮ್ಮ ಕಾಲಿಗೂ ಸಿಗುತ್ತಿರಲಿಲ್ಲ. ನೀವು ಕಂಪ್ಲೇಂಟ್ ಕೊಡುವ ಮೊದಲು ನನಗೇ ಹೇಳಬಹುದಿತ್ತು, ದಿನಾ ನಮಸ್ಕಾರ ಮಾಡುತ್ತಿದ್ದೆವಲ್ಲ? ಅದಿರಲಿ. ನಿಮ್ಮಲ್ಲಿ ಎಷ್ಟೋ ಜನ ಹಾಸನ, ಮಂಡ್ಯ, ಕೋಲಾರ, ತುಮಕೂರು ಕಡೆಯಿಂದ ಬಂದವರು. ಒಂದು ಸುತ್ತು ಕಡಿಮೆ ನಡೆದು, ನಿಮ್ಮ ಊರಿನ ಒಂದು ಕತೆ ಹೇಳಿ ಹೋಗಿ. ಸಕ್ಕರೆ ಕಾಯಿಲೆಗೆ ಅಷ್ಟರಿಂದ ಏನೂ ಆಗೋದಿಲ್ಲ.

ಆವತ್ತು ಸೀಟಿ ಊದಿದ ಮೇಲೆ ಉಳಿದ ಕತೆಯನ್ನು ನಿಮಗೆ ಇಲ್ಲೇ ಹೇಳಿಬಿಡುತ್ತೇನೆ. ತಡವಾಗಿ ಬಂದ ದೀಪ ಅಂದಿತಂತೆ: ನಮ್ಮನೆಯಲ್ಲಿ ಗಂಡ ಹೆಂಡತಿಗೆ ಜಗಳ. ಆ ಜೋಡು ಯಾರದೂ ಅಲ್ಲ, ಅವಳ ಹೊಟ್ಟೆಯೊಳಗಿದ್ದ ಕತೆ. ಆ ಕೋಟೂ ಯಾರದೂ ಅಲ್ಲ, ಅವಳು ಹಾಡದೆ ಇಟ್ಟುಕೊಂಡ ಹಾಡು. ಗಂಡ ಕಂಬಳಿಯೊಳಗೇ ಎಲ್ಲ ಕೇಳಿಸಿಕೊಂಡ. ಬೆಳಗಾಗುತ್ತಲೇ ಮನೆಗೆ ಓಡಿಬಂದು, ನಿನಗೆ ಗೊತ್ತಿರುವ ಆ ಕತೆ ಯಾವುದು, ಆ ಹಾಡು ಯಾವುದು ಅಂತ ಹೆಂಡತಿಯನ್ನು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು. "ಯಾವ ಕತೆ? ಯಾವ ಹಾಡು?" ಅಂದಳಂತೆ.

ಈಗ ನನ್ನ ಬೇಡಿಕೆಗಳು. ಮೈಕ್ ಇಲ್ಲದೆ, ಬ್ಯಾನರ್ ಇಲ್ಲದೆ, ದುಡ್ಡು ತೆಗೆದುಕೊಳ್ಳದೆ, ಬಾಯಲ್ಲಿ ಹೇಳುವ ಕತೆ, ಹಾಡು, ಒಗಟುಗಳನ್ನು ಕಾರ್ಯಕ್ರಮದ ಲೆಕ್ಕದಿಂದ ಹೊರಗಿಡಿ. ಇದಕ್ಕೆ ದೊಡ್ಡ ಆದೇಶ ಬೇಕಾಗಿಲ್ಲ. ಗೇಟಿನ ಹತ್ತಿರದ ಬೋರ್ಡಿನಲ್ಲಿ ಹೂವು ಕೀಳಬೇಡಿ, ಕ್ರಿಕೆಟ್ ಆಡಬೇಡಿ, ಕೂರಬೇಡಿ ಅಂತ ಇಷ್ಟುದ್ದ ಬರೆಸಿದ್ದೀರಿ. ಕೆಳಗೆ ಇನ್ನೊಂದು ಸಾಲು ಬರೆಸಿ, ಕತೆ ಹೇಳಬಹುದು ಅಂತ. ಅದೊಂದು ಸಾಲಿದ್ದರೆ ಸೀಟಿ ಹಿಡಿದ ಹುಡುಗನಿಗೂ ಗೊಂದಲ ಇರೋದಿಲ್ಲ, ಅವನು ಯಾರಿಗೂ ಫೋಟೋ ಕಳಿಸಬೇಕಾಗಿಲ್ಲ.

ಅರಳಿಕಟ್ಟೆಯ ಗ್ರಿಲ್ ತೆಗೆಸಿ. ಪೂರ್ತಿ ತೆಗೆಯೋಕೆ ಆಗದಿದ್ದರೆ ಸಂಜೆ ಹೊತ್ತಾದರೂ ಬೀಗ ತೆಗೆಸಿ, ಪಾರ್ಕ್ ಮುಚ್ಚುವಾಗ ಮತ್ತೆ ಹಾಕಿಸಿ. ನಮ್ಮ ಕಟ್ಟೆ ಒಂದೇ ಅಲ್ಲ, ಊರಿನ ಎಷ್ಟೋ ಪಾರ್ಕುಗಳಲ್ಲಿ ಇಂಥ ಕಟ್ಟೆಗಳಿವೆ, ನಾಗರಕಲ್ಲಿನ ಪಕ್ಕ ಕೂರೋಕೆ ಅಂತಲೇ ಕಟ್ಟಿದವು. ಅವನ್ನು ನೋಡುವ ವಸ್ತು ಮಾಡಬೇಡಿ.

ಗಡಿ ಹಾಕಬೇಕು ಅನ್ನಿಸಿದರೆ ಹಾಕಿ, ನಾನು ಒಪ್ಪುತ್ತೇನೆ. ಇಂಥ ಮೂಲೆಯಲ್ಲೇ ಕೂರಬೇಕು, ಕತ್ತಲಾಗುವ ಮೊದಲು ಮುಗಿಸಬೇಕು, ಕಡಲೆಕಾಯಿ ಸಿಪ್ಪೆ ಹೆಕ್ಕಿಕೊಂಡು ಹೋಗಬೇಕು, ನಡೆಯುವವರಿಗೆ ದಾರಿ ಬಿಡಬೇಕು. ಎಲ್ಲಕ್ಕೂ ತಯಾರು. ಆದರೆ ಕತೆಯ ಪ್ರತಿ ಮಾತ್ರ ಕೇಳಬೇಡಿ. ಏನು ಹೇಳುತ್ತಿದ್ದಾರೋ ಅನ್ನುವ ಅನುಮಾನ ಇದ್ದರೆ ನಿಮ್ಮವ ಒಬ್ಬನನ್ನು ಕಳಿಸಿ, ಬಂದು ಕೂತು ಕೇಳಲಿ. ಒಂದೇ ಷರತ್ತು, ಅವನೂ ಹ್ಞೂಂ ಅನ್ನಬೇಕು.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಕಡತಗಳು ಇನ್ನೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡುತ್ತಿವೆ ಅಂತ ಕೇಳಿದ್ದೇನೆ. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಈ ಪತ್ರವನ್ನು ಐದೂ ಕಡೆ ತಿರುಗಿಸಬೇಡಿ, ದಯವಿಟ್ಟು. ಯಾರಾದರೂ ಒಬ್ಬರು ಹೌದು ಅಥವಾ ಇಲ್ಲ ಅಂತ ಬರೆದು ಸಹಿ ಹಾಕಿ ಕಳಿಸಿ. ಇಲ್ಲ ಅನ್ನುವುದಾದರೆ ಯಾವ ನಿಯಮದ ಯಾವ ಸಾಲಿನ ಪ್ರಕಾರ ಅಂತ ತಿಳಿಸಿ. ನನಗೂ ಓದೋಕೆ ಬರುತ್ತೆ, ಓದಿ ಮತ್ತೆ ಬರುತ್ತೇನೆ.

ಅಲ್ಲಿಯವರೆಗೆ ಭಾನುವಾರ ಸಂಜೆ ನಮ್ಮ ಮನೆಯ ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕತೆ ನಡೆಯುತ್ತೆ. ಜಾಗ ಇಕ್ಕಟ್ಟು, ಸ್ಕೂಟರ್‌ಗಳು ಬೇರೆ ಓಡಾಡುತ್ತವೆ, ಶೆಡ್ಡಿನ ಹುಡುಗನಿಗೆ ರಸ್ತೆ ದಾಟಿಸೋಕೆ ಒಬ್ಬರು ಬೇಕು. ಹಾಗಾಗಿ ಉತ್ತರ ಸ್ವಲ್ಪ ಬೇಗ ಬಂದರೆ ಉಪಕಾರ.

ಇಂತಿ ನಿಮ್ಮ ವಿಶ್ವಾಸಿ,
ಪಾರ್ಕಿನ ಹಿಂದಿನ ಬೀದಿಯ ಕತೆ ಟೀಚರ್
ಬೆಂಗಳೂರು